ಡೀಸೆಲ್ ತುಂಬಿಸಿದ್ದು ಒಂದು ರಾಜ್ಯದಲ್ಲಿ, ಗಾಡಿ ಓಡಿದ್ದು ಇನ್ನೊಂದರಲ್ಲಿ

ಅಮೆರಿಕದ ಇಂಟರ್‌ಸ್ಟೇಟ್ 80 ಹೆದ್ದಾರಿ ಒಹಾಯೊ ರಾಜ್ಯ ದಾಟಿ ಪೆನ್ಸಿಲ್ವೇನಿಯಾಕ್ಕೆ ಹೋಗುವಲ್ಲಿ ಗಡಿ ಎಂದರೆ ಒಂದು ಸ್ವಾಗತ ಫಲಕ, ಅಷ್ಟೆ. ಗೇಟ್ ಇಲ್ಲ, ಚೆಕ್‌ಪೋಸ್ಟ್ ಇಲ್ಲ, ಲಾರಿ ನಿಲ್ಲಿಸಿ ಕಾಗದ ಕೇಳುವವರಿಲ್ಲ. ಆದರೆ ಆ ಫಲಕದ ಈಚೆ ಡೀಸೆಲ್ ಮೇಲಿನ ರಾಜ್ಯ ತೆರಿಗೆ ಗ್ಯಾಲನ್‌ಗೆ 47 ಸೆಂಟ್, ಆಚೆ 74.1 ಸೆಂಟ್. ಅಲ್ಲಿನ ಒಂದು ಗ್ಯಾಲನ್ ಅಂದರೆ ಸುಮಾರು 3.785 ಲೀಟರ್. ದೂರದೂರಿಗೆ ಲೋಡ್ ಹೊಡೆಯುವ ದೊಡ್ಡ ಟ್ರಕ್‌ಗೆ ಎಡಬಲ ಎರಡು ಟ್ಯಾಂಕ್ ಇರುತ್ತವೆ, ಎರಡೂ ಸೇರಿ 200 ಗ್ಯಾಲನ್ ಸಲೀಸಾಗಿ ಹಿಡಿಯುತ್ತವೆ. ಒಹಾಯೊದಲ್ಲೇ ಟ್ಯಾಂಕ್ ಫುಲ್ ಮಾಡಿಸಿಕೊಂಡರೆ ತೆರಿಗೆಯ ವ್ಯತ್ಯಾಸವೊಂದರಲ್ಲೇ 54 ಡಾಲರ್ ಉಳಿಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ.

ಉಳಿಯುವುದಿಲ್ಲ. ಒಹಾಯೊದ ಟ್ರಕ್ ಆ ಡೀಸೆಲನ್ನು ಪೆನ್ಸಿಲ್ವೇನಿಯಾದಲ್ಲಿ ಸುಟ್ಟರೆ ಆ 54 ಡಾಲರನ್ನು ಮೂರು ತಿಂಗಳಿಗೊಮ್ಮೆ ನಡೆಯುವ ಲೆಕ್ಕದಲ್ಲಿ ಪೆನ್ಸಿಲ್ವೇನಿಯಾ ವಸೂಲಿ ಮಾಡಿಕೊಳ್ಳುತ್ತದೆ. ಅದೂ ತನ್ನ ಒಬ್ಬ ಅಧಿಕಾರಿಯನ್ನೂ ರಸ್ತೆಗೆ ಇಳಿಸದೆ, ಒಹಾಯೊ ಸರ್ಕಾರದ ಕೈಯಿಂದಲೇ. ಇದನ್ನು ಸಾಧ್ಯ ಮಾಡಿರುವ ಏರ್ಪಾಡು ‘ಅಂತರರಾಷ್ಟ್ರೀಯ ಇಂಧನ ತೆರಿಗೆ ಒಪ್ಪಂದ’. ಟ್ರಕ್ಕಿನವರ ಬಾಯಲ್ಲಿ ಅದು ‘ಇಫ್ಟಾ’. ಅಲಾಸ್ಕಾ ಮತ್ತು ಹವಾಯಿ ಬಿಟ್ಟು ಅಮೆರಿಕದ ಉಳಿದ 48 ರಾಜ್ಯಗಳು, ಕೆನಡಾದ 10 ಪ್ರಾಂತ್ಯಗಳು ಇದರ ಸದಸ್ಯರು. ರಾಜ್ಯಗಳು ತೆರಿಗೆ ಹಣಕ್ಕಾಗಿ ಜಗಳವಾಡದೆ ಒಬ್ಬರ ಪರವಾಗಿ ಇನ್ನೊಬ್ಬರು ವಸೂಲಿ ಮಾಡಿಕೊಡುವ ಇಂಥ ವ್ಯವಸ್ಥೆ ಅಪರೂಪದ್ದು. ಡೀಸೆಲ್ ದರ ಏರಿದಾಗಲೆಲ್ಲ ಲಾರಿ ಮುಷ್ಕರದ ಸುದ್ದಿ ಓದುವ ನಮಗೆ ಇದರ ಒಳಗುಟ್ಟು ತಿಳಿದಿರಬೇಕು ಎಂಬುದು ನನ್ನ ಅನಿಸಿಕೆ.

ಇಂಧನ ತೆರಿಗೆಯ ಹಿಂದಿನ ತರ್ಕ ಸರಳ. ರಸ್ತೆ ಸವೆಸಿದವರು ರಸ್ತೆಗೆ ದುಡ್ಡು ಕೊಡಬೇಕು. ಯಾರು ಎಷ್ಟು ಸವೆಸಿದರು ಎಂದು ಅಳೆಯುವುದು ಕಷ್ಟ, ಆದರೆ ಹೆಚ್ಚು ಓಡಿದವರು ಹೆಚ್ಚು ಇಂಧನ ಸುಡುತ್ತಾರೆ. ಹಾಗಾಗಿ ಇಂಧನದ ಮೇಲೆ ತೆರಿಗೆ ಹಾಕಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಆರೆಗನ್ ರಾಜ್ಯ 1919ರಲ್ಲಿ ಪೆಟ್ರೋಲ್ ಮೇಲೆ ಗ್ಯಾಲನ್‌ಗೆ ಒಂದು ಸೆಂಟ್ ತೆರಿಗೆ ಹಾಕಿತು. ಅಮೆರಿಕದಲ್ಲಿ ಅದೇ ಮೊದಲು. ಹತ್ತೇ ವರ್ಷದಲ್ಲಿ, 1929ರ ಹೊತ್ತಿಗೆ, ಎಲ್ಲ ರಾಜ್ಯಗಳೂ ಅದೇ ದಾರಿ ಹಿಡಿದವು. ಊರಿನ ಬಂಕ್‌ನಲ್ಲಿ ತುಂಬಿಸಿಕೊಂಡು ಊರ ಸುತ್ತಲೇ ಓಡಾಡುವ ಕಾರಿಗೆ ಈ ತರ್ಕ ಚೆನ್ನಾಗಿ ಒಪ್ಪುತ್ತದೆ. ದೂರ ಓಡುವ ಟ್ರಕ್ ವಿಷಯದಲ್ಲಿ ಕೈಕೊಡುತ್ತದೆ. ಗ್ಯಾಲನ್‌ಗೆ 6 ಮೈಲಿ ಕೊಡುವ ಟ್ರಕ್ 200 ಗ್ಯಾಲನ್‌ನಲ್ಲಿ 1,200 ಮೈಲಿ ಓಡುತ್ತದೆ. ಪೆನ್ಸಿಲ್ವೇನಿಯಾದೊಳಗೆ ಇಂಟರ್‌ಸ್ಟೇಟ್ 80ರ ಉದ್ದ 311 ಮೈಲಿ ಮಾತ್ರ. ಒಹಾಯೊದಲ್ಲಿ ತುಂಬಿಸಿಕೊಂಡ ಟ್ರಕ್ ಪೆನ್ಸಿಲ್ವೇನಿಯಾದಲ್ಲಿ ಒಂದು ಹನಿಯನ್ನೂ ಕೊಳ್ಳದೆ ಆ ರಾಜ್ಯವನ್ನು ದಾಟಿ ನ್ಯೂಜೆರ್ಸಿ ಸೇರಬಹುದು. ರಸ್ತೆ ಸವೆದದ್ದು ಒಬ್ಬರದು, ತೆರಿಗೆ ಸೇರಿದ್ದು ಇನ್ನೊಬ್ಬರಿಗೆ.

ಇದನ್ನು ತಡೆಯಲು ರಾಜ್ಯಗಳು ಮೊದಲು ಕಂಡುಕೊಂಡ ಉಪಾಯ, ತಮ್ಮ ನೆಲದಲ್ಲಿ ಓಡಿದ ಮೈಲಿಗಳಿಗೆ ಪ್ರತ್ಯೇಕ ಲೆಕ್ಕ ಕೇಳುವುದು. ಪ್ರತಿ ರಾಜ್ಯಕ್ಕೂ ಬೇರೆ ಪರವಾನಗಿ, ಬೇರೆ ಸ್ಟಿಕ್ಕರ್, ಬೇರೆ ನಮೂನೆ, ಬೇರೆ ಕೊನೆಯ ದಿನ. ಹತ್ತು ರಾಜ್ಯ ಸುತ್ತುವವನು ಹತ್ತು ಕಚೇರಿಗಳಿಗೆ ಲೆಕ್ಕ ಒಪ್ಪಿಸಬೇಕಿತ್ತು. ಕೆಲವು ರಾಜ್ಯಗಳು ಇನ್ನೂ ಸುಲಭದ ದಾರಿ ಹಿಡಿದು, ಒಳಗೆ ಬಂದ ಟ್ರಕ್‌ಗೆಲ್ಲ ಇಡೀ ವರ್ಷಕ್ಕೆ ಇಷ್ಟು ಎಂದು ಒಂದೇ ಮೊತ್ತ ಕಟ್ಟಿಸಿಕೊಂಡವು. ಪೆನ್ಸಿಲ್ವೇನಿಯಾ ಹಾಗೆ ಆಕ್ಸಲ್ ಒಂದಕ್ಕೆ 36 ಡಾಲರ್ ವಿಧಿಸಿತ್ತು. ವರ್ಷವಿಡೀ ಅಲ್ಲೇ ಓಡುವ ಸ್ಥಳೀಯ ಟ್ರಕ್‌ಗೂ ಅಷ್ಟೇ, ವರ್ಷಕ್ಕೆ ನಾಲ್ಕು ಸಲ ಹಾದುಹೋಗುವ ಹೊರರಾಜ್ಯದ ಟ್ರಕ್‌ಗೂ ಅಷ್ಟೇ. ಮೈಲಿಗಿಷ್ಟು ಎಂದು ಭಾಗಿಸಿ ನೋಡಿದರೆ ಹೊರಗಿನವನ ಮೇಲೆ ಹಲವು ಪಟ್ಟು ಹೊರೆ. ಟ್ರಕ್ ಮಾಲೀಕರ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇದು ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಅಡ್ಡಿ, ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು.

ಅಷ್ಟರಲ್ಲಿ ಬೇರೆ ಕಡೆ ಹೊಸ ದಾರಿಯ ಪ್ರಯೋಗ ಶುರುವಾಗಿತ್ತು. ಈಶಾನ್ಯದ ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ರಾಜ್ಯಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡಿದ್ದವು. 1983ರಲ್ಲಿ ಅರಿಜೋನಾ, ಅಯೋವಾ, ವಾಷಿಂಗ್ಟನ್ ಸೇರಿ ಇಫ್ಟಾಕ್ಕೆ ಚಾಲನೆ ಕೊಟ್ಟವು. ಭೂಪಟದಲ್ಲಿ ಈ ಮೂರು ರಾಜ್ಯಗಳ ಗಡಿ ಒಂದಕ್ಕೊಂದು ತಾಗುವುದೇ ಇಲ್ಲ. ಆದರೂ ಲೆಕ್ಕ ಹಂಚಿಕೊಳ್ಳಲು ಒಪ್ಪಿದ್ದವು. ಉಳಿದವು ನಿಧಾನಕ್ಕೆ ಬಂದವು. ಕೊನೆಗೆ ಅಮೆರಿಕದ ಸಂಸತ್ತು 1991ರ ಸಾರಿಗೆ ಕಾಯ್ದೆಯಲ್ಲಿ ಒಂದು ಗಡುವು ಹಾಕಿತು. 1996ರ ಸೆಪ್ಟೆಂಬರ್ 30ರೊಳಗೆ ಒಪ್ಪಂದಕ್ಕೆ ಬರದ ರಾಜ್ಯ ಹೊರರಾಜ್ಯದ ಟ್ರಕ್‌ಗಳಿಂದ ತನ್ನದೇ ಪದ್ಧತಿಯಲ್ಲಿ ಇಂಧನ ಬಳಕೆಯ ಲೆಕ್ಕ ಕೇಳುವಂತಿಲ್ಲ ಎಂದಿತು. ವರಮಾನ ಕೈತಪ್ಪುತ್ತದೆ ಎಂದಾಗ ಎಲ್ಲರೂ ಸೇರಿದರು. ತೆರಿಗೆಯ ದರ ಎಷ್ಟಿರಬೇಕು ಎಂಬುದಕ್ಕೆ ಸಂಸತ್ತು ಕೈಹಾಕಲಿಲ್ಲ. ದರ ನಿಮ್ಮದು, ಲೆಕ್ಕದ ವಿಧಾನ ಮಾತ್ರ ಎಲ್ಲರಿಗೂ ಒಂದೇ ಇರಲಿ ಎಂದಿತು. ಇಡೀ ಏರ್ಪಾಡಿನ ಜಾಣತನ ಇರುವುದು ಇಲ್ಲೇ.

ಈಗ ನಡೆಯುವುದು ಹೀಗೆ. 26,000 ಪೌಂಡ್‌ಗಿಂತ, ಅಂದರೆ ಸುಮಾರು 11.8 ಟನ್‌ಗಿಂತ, ಹೆಚ್ಚು ತೂಕದ ಅಥವಾ ಮೂರು ಇಲ್ಲವೇ ಹೆಚ್ಚು ಆಕ್ಸಲ್ ಇರುವ ವಾಹನ ಒಂದಕ್ಕಿಂತ ಹೆಚ್ಚು ರಾಜ್ಯದಲ್ಲಿ ಓಡುವುದಾದರೆ ಮಾಲೀಕ ತನ್ನ ತವರು ರಾಜ್ಯದಲ್ಲಿ ಒಂದೇ ಒಂದು ಇಫ್ಟಾ ಪರವಾನಗಿ ಪಡೆಯುತ್ತಾನೆ. ಕ್ಯಾಬಿನ್ನಿನ ಎರಡೂ ಬದಿಗೆ ಒಂದೊಂದು ಸ್ಟಿಕ್ಕರ್ ಅಂಟಿಸುತ್ತಾನೆ. ಅದರ ಬಲದಿಂದ 48 ರಾಜ್ಯ, 10 ಪ್ರಾಂತ್ಯಗಳಲ್ಲಿ ಎಲ್ಲಿ ಬೇಕಾದರೂ ಓಡಬಹುದು. ಮೂರು ತಿಂಗಳಿಗೊಮ್ಮೆ ತವರು ರಾಜ್ಯಕ್ಕೆ ಒಂದು ರಿಟರ್ನ್ ಸಲ್ಲಿಸಬೇಕು. ಕೊನೆಯ ದಿನಗಳು ಏಪ್ರಿಲ್ 30, ಜುಲೈ 31, ಅಕ್ಟೋಬರ್ 31, ಜನವರಿ 31. ಗಾಡಿ ಶೆಡ್ಡಿನಲ್ಲೇ ನಿಂತಿದ್ದರೂ ಸೊನ್ನೆ ಬರೆದು ಸಲ್ಲಿಸಲೇಬೇಕು. ತಡವಾದರೆ 50 ಡಾಲರ್ ಅಥವಾ ಬಾಕಿ ತೆರಿಗೆಯ ಶೇ 10, ಇವೆರಡರಲ್ಲಿ ಯಾವುದು ಹೆಚ್ಚೋ ಅದು ದಂಡ, ಜೊತೆಗೆ ಬಾಕಿ ತೆರಿಗೆಗೆ ಬಡ್ಡಿ. ಯಾರಿಗೆ ಎಷ್ಟು ಸೇರಬೇಕು ಎಂದು ತವರು ರಾಜ್ಯ ಹಂಚಿ ಕಳಿಸುತ್ತದೆ.

ಲೆಕ್ಕದ ಒಳಗೆ ಇಳಿದು ನೋಡಿದರೇ ಇದರ ನ್ಯಾಯ ತಿಳಿಯುವುದು. ಒಬ್ಬ ಮಾಲೀಕನ ಒಂದೇ ಟ್ರಕ್ ಮೂರು ತಿಂಗಳಲ್ಲಿ 24,000 ಮೈಲಿ ಓಡಿದೆ ಎಂದಿಟ್ಟುಕೊಳ್ಳೋಣ. ಅರ್ಧ ಒಹಾಯೊದಲ್ಲಿ, ಅರ್ಧ ಪೆನ್ಸಿಲ್ವೇನಿಯಾದಲ್ಲಿ. ಒಟ್ಟು 4,000 ಗ್ಯಾಲನ್ ಡೀಸೆಲ್ ತುಂಬಿಸಿದ್ದಾನೆ, ಒಹಾಯೊದಲ್ಲಿ 3,000, ಪೆನ್ಸಿಲ್ವೇನಿಯಾದಲ್ಲಿ 1,000. ಮೈಲೇಜ್ ಗ್ಯಾಲನ್‌ಗೆ 6 ಮೈಲಿ. ಆ ಲೆಕ್ಕದಲ್ಲಿ ಎರಡೂ ರಾಜ್ಯಗಳಲ್ಲಿ ಅವನು ಸುಟ್ಟದ್ದು ತಲಾ 2,000 ಗ್ಯಾಲನ್. ಒಹಾಯೊದಲ್ಲಿ 1,000 ಗ್ಯಾಲನ್‌ಗೆ ಹೆಚ್ಚು ತೆರಿಗೆ ಕಟ್ಟಿದ್ದಾನೆ, 470 ಡಾಲರ್ ವಾಪಸ್ ಬರಬೇಕು. ಪೆನ್ಸಿಲ್ವೇನಿಯಾಕ್ಕೆ 1,000 ಗ್ಯಾಲನ್‌ನ ತೆರಿಗೆ ಬಾಕಿ, 741 ಡಾಲರ್. ಒಂದರಲ್ಲಿ ಇನ್ನೊಂದು ಕಳೆದು 271 ಡಾಲರ್ ಕಟ್ಟಿದರೆ ಮುಗಿಯಿತು.

ಅವನು ಎಲ್ಲಿ ತುಂಬಿಸಿದ ಎಂಬುದು ಕೊನೆಯಲ್ಲಿ ತೆರಿಗೆಯ ಮೊತ್ತವನ್ನು ಬದಲಿಸುವುದೇ ಇಲ್ಲ. ಪೂರ್ತಿ ಡೀಸೆಲನ್ನು ಒಹಾಯೊದಲ್ಲೇ ತುಂಬಿಸಿದ್ದರೂ ಎರಡು ರಾಜ್ಯಗಳಿಗೆ ಒಟ್ಟು ಸಲ್ಲುತ್ತಿದ್ದದ್ದು ಇಷ್ಟೇ. ಬಂಕ್‌ನಲ್ಲಿ ಕೊಟ್ಟ ತೆರಿಗೆ ಮುಂಗಡ ಮಾತ್ರ, ನಿಜವಾದ ತೆರಿಗೆ ಚಕ್ರ ಉರುಳಿದ ಕಡೆ ಹುಟ್ಟುತ್ತದೆ.

ಅನುಭವಿ ಮಾಲೀಕರಿಗೂ ಹೊಸಬರಿಗೂ ಇರುವ ದೊಡ್ಡ ವ್ಯತ್ಯಾಸ ಇದನ್ನು ಅರಿತದ್ದೋ ಅರಿಯದ್ದೋ ಎಂಬುದರಲ್ಲಿದೆ. ಒಹಾಯೊದ ಬಂಕ್‌ನ ಬೋರ್ಡಿನಲ್ಲಿ ಗ್ಯಾಲನ್‌ಗೆ 3.95 ಡಾಲರ್, ಗಡಿಯಾಚೆಯ ಬೋರ್ಡಿನಲ್ಲಿ 4.10 ಡಾಲರ್ ಇದೆ ಎನ್ನೋಣ. ಹೊಸಬ ಈಚೆಯೇ ತುಂಬಿಸಿಕೊಳ್ಳುತ್ತಾನೆ. ಬಲ್ಲವನು ಎರಡರಿಂದಲೂ ಆಯಾ ರಾಜ್ಯದ ತೆರಿಗೆ ಕಳೆದು ನೋಡುತ್ತಾನೆ. ಒಹಾಯೊದಲ್ಲಿ 3.95ರಿಂದ 47 ಸೆಂಟ್ ಕಳೆದರೆ 3.48. ಪೆನ್ಸಿಲ್ವೇನಿಯಾದಲ್ಲಿ 4.10ರಿಂದ 74.1 ಸೆಂಟ್ ಕಳೆದರೆ 3.359. ತೆರಿಗೆ ಹೇಗಿದ್ದರೂ ಮೈಲಿ ಲೆಕ್ಕದಲ್ಲಿ ಸರಿದೂಗುವುದರಿಂದ ಮಾಲೀಕ ನಿಜವಾಗಿ ಕೊಡುವುದು ತೆರಿಗೆಗೆ ಮುಂಚಿನ ಬೆಲೆಯನ್ನು. ಆ ಲೆಕ್ಕದಲ್ಲಿ ದುಬಾರಿಯಾಗಿ ಕಾಣುವ ಪೆನ್ಸಿಲ್ವೇನಿಯಾದ ಡೀಸೆಲ್ಲೇ ಗ್ಯಾಲನ್‌ಗೆ 12 ಸೆಂಟ್ ಅಗ್ಗ. 150 ಗ್ಯಾಲನ್ ತುಂಬಿಸಿದರೆ 18 ಡಾಲರ್ ವ್ಯತ್ಯಾಸ. ವಾರಕ್ಕೊಮ್ಮೆ ಹೀಗೆ ತಪ್ಪು ಬಂಕ್ ಆರಿಸಿಕೊಂಡರೆ ವರ್ಷಕ್ಕೆ 900 ಡಾಲರ್ ದಾಟುತ್ತದೆ. ಬೋರ್ಡಿನ ಮೇಲಿನ ಅಂಕಿ ನಂಬಿ ಸೋತ ದುಡ್ಡು ಅದು, ಯಾವ ರಿಟರ್ನಿನಲ್ಲೂ ವಾಪಸ್ ಬರುವುದಿಲ್ಲ.

ತೆರಿಗೆ ರಜೆಯ ಕಥೆಯೂ ಇದೇ. 2022ರ ಮಾರ್ಚ್‌ನಲ್ಲಿ ಇಂಧನದ ಬೆಲೆ ಗಗನಕ್ಕೇರಿದಾಗ ಜಾರ್ಜಿಯಾ ರಾಜ್ಯ ತನ್ನ ಇಂಧನ ತೆರಿಗೆಯನ್ನು ಅಮಾನತಿನಲ್ಲಿಟ್ಟಿತು. ರಜೆ ಮುಂದೆ ಮುಂದೆ ಹೋಗಿ 2023ರ ಜನವರಿವರೆಗೂ ಬೆಳೆಯಿತು. ಜಾರ್ಜಿಯಾದಲ್ಲೇ ಓಡುವವರಿಗೆ ಅದು ನಿಜವಾದ ಲಾಭ. ಅಲ್ಲಿ ಟ್ಯಾಂಕ್ ತುಂಬಿಸಿಕೊಂಡು ಫ್ಲಾರಿಡಾಕ್ಕೋ ಟೆನೆಸಿಗೋ ಹೋದವನಿಗೆ ಏನೂ ದಕ್ಕಲಿಲ್ಲ. ಬಂಕ್‌ನಲ್ಲಿ ತೆರಿಗೆ ಕಟ್ಟಿರದ ಕಾರಣ ಲೆಕ್ಕದಲ್ಲಿ ಕಳೆಯಲು ಮುಂಗಡವೇ ಇರಲಿಲ್ಲ, ಓಡಿದ ರಾಜ್ಯಗಳಿಗೆ ಪೂರ್ತಿ ತೆರಿಗೆ ಕಟ್ಟಬೇಕಾಯಿತು. ಬಂಕ್‌ನಲ್ಲಿ ಕಡಿಮೆ ಕೊಟ್ಟು ಖುಷಿಪಟ್ಟವರಿಗೆ ಮೂರು ತಿಂಗಳ ಕೊನೆಯಲ್ಲಿ ಅಷ್ಟು ದೊಡ್ಡ ಮೊತ್ತ ಒಟ್ಟಿಗೆ ಎದುರಾಗುವುದು ಸಣ್ಣ ಪೆಟ್ಟಲ್ಲ. ಅದಕ್ಕೇ ಕೈಯಲ್ಲಿ ದುಡ್ಡು ನಿಲ್ಲದ ಕೆಲವು ಮಾಲೀಕರು ಬೇಕೆಂತಲೇ ಹೆಚ್ಚು ತೆರಿಗೆಯ ರಾಜ್ಯಗಳಲ್ಲಿ ತುಂಬಿಸುತ್ತಾರೆ. ಆಗಾಗ ಸ್ವಲ್ಪ ಸ್ವಲ್ಪವಾಗಿ ಕಟ್ಟಿಬಿಟ್ಟರೆ ರಿಟರ್ನಿನ ದಿನ ಎದೆ ಹೊಡೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ನ್ಯಾಯ ನಿಂತಿರುವುದು ಚಾಲಕ ಬರೆದಿಡುವ ಒಂದು ಹಾಳೆಯ ಮೇಲೆ. ಅದನ್ನು ಟ್ರಿಪ್ ಶೀಟ್ ಎನ್ನೋಣ. ಹೊರಟ ದಿನಾಂಕ, ಎಲ್ಲಿಂದ ಎಲ್ಲಿಗೆ, ಯಾವ ಹೆದ್ದಾರಿ, ಹೊರಟಾಗ ಮತ್ತು ಮುಟ್ಟಿದಾಗ ಓಡೋಮೀಟರ್‌ನಲ್ಲಿದ್ದ ಅಂಕಿ, ಪ್ರತಿ ರಾಜ್ಯದಲ್ಲಿ ಓಡಿದ ಮೈಲಿ. ಹಿಂದೆಲ್ಲ ಚಾಲಕರು ಗಡಿಯ ಫಲಕ ಕಂಡ ಕೂಡಲೇ ಮೀಟರ್ ನೋಡಿ ಮೊಣಕಾಲ ಮೇಲಿನ ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದರು. ಲೋಡ್ ಇಲ್ಲದೆ ಖಾಲಿ ಬಂದ ಮೈಲಿಯೂ ಲೆಕ್ಕಕ್ಕೆ ಬರುತ್ತದೆ, ದಾರಿ ತಪ್ಪಿ ಸುತ್ತಿಕೊಂಡು ಬಂದ ಮೈಲಿಯೂ ಬರುತ್ತದೆ. ಬಾಡಿಗೆ ಸಿಗದ ಮೈಲಿಗೇಕೆ ತೆರಿಗೆ ಎಂದು ಬರೆಯದೆ ಬಿಟ್ಟವರು ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಾರೆ. ಯಾಕೆಂದರೆ ಒಂದು ಟ್ರಿಪ್ಪಿನ ಕೊನೆಯ ಅಂಕಿಗೂ ಮುಂದಿನ ಟ್ರಿಪ್ಪಿನ ಮೊದಲ ಅಂಕಿಗೂ ನಡುವೆ ಬಿರುಕು ಕಾಣುತ್ತದೆ.

ಡೀಸೆಲ್ ಬಿಲ್ಲಿನದು ಇನ್ನೊಂದು ಕಟ್ಟುನಿಟ್ಟು. ದಿನಾಂಕ, ಬಂಕ್‌ನ ಹೆಸರು ಮತ್ತು ವಿಳಾಸ, ಎಷ್ಟು ಗ್ಯಾಲನ್, ಯಾವ ಇಂಧನ, ಬೆಲೆ, ಯಾವ ಗಾಡಿಗೆ, ಯಾರು ಕೊಂಡದ್ದು, ಇವಿಷ್ಟೂ ಇರಬೇಕು. ಇಲ್ಲದಿದ್ದರೆ ಆ ಗ್ಯಾಲನ್‌ಗಳ ತೆರಿಗೆ ಕಟ್ಟಿದ್ದೀರಿ ಎಂದು ಒಪ್ಪುವುದಿಲ್ಲ. ಪೆನ್ಸಿಲ್ವೇನಿಯಾದ 100 ಗ್ಯಾಲನ್‌ನ ಒಂದು ಬಿಲ್ ಬಿಸಿಲಿಗೆ ಮಾಸಿ ಓದಲಾಗದೆ ಹೋದರೆ 74 ಡಾಲರ್ ಎರಡನೇ ಸಲ ಕಟ್ಟಿದಂತೆ. ಥರ್ಮಲ್ ಕಾಗದದ ಬಿಲ್ ಡ್ಯಾಶ್‌ಬೋರ್ಡ್ ಮೇಲೆ ನಾಲ್ಕು ದಿನ ಬಿದ್ದಿದ್ದರೆ ಏನಾಗುತ್ತದೆ ಎಂದು ನಮ್ಮ ಲಾರಿ ಚಾಲಕರಿಗೂ ಗೊತ್ತು. ಈ ಕಾಗದಗಳನ್ನು ನಾಲ್ಕು ವರ್ಷ ಜೋಪಾನ ಮಾಡಬೇಕು.

ಹಾಲು, ಮಾಂಸ, ತರಕಾರಿ ಸಾಗಿಸುವ ಶೀತಲ ಟ್ರಕ್‌ಗಳಲ್ಲಿ ಇನ್ನೊಂದು ತೊಡಕಿದೆ. ತಂಪು ಮಾಡುವ ಯಂತ್ರಕ್ಕೆ ಬೇರೆ ಟ್ಯಾಂಕ್ ಇರುತ್ತದೆ, ಅದು ಸುಡುವ ಡೀಸೆಲ್ ಗಾಡಿಯನ್ನು ಓಡಿಸುವುದಿಲ್ಲ. ಹಾಗಾಗಿ ರಸ್ತೆ ತೆರಿಗೆಯೂ ಅದಕ್ಕಿಲ್ಲ. ಅಂಥ ತೆರಿಗೆರಹಿತ ಡೀಸೆಲ್‌ಗೆ ಕೆಂಪು ಬಣ್ಣ ಬೆರೆಸಿರುತ್ತಾರೆ. ಅದನ್ನು ಎಂಜಿನ್ನಿನ ಟ್ಯಾಂಕಿಗೆ ಹಾಕಿದ್ದು ಸಿಕ್ಕಿಬಿದ್ದರೆ ಕೇಂದ್ರ ಸರ್ಕಾರದ ದಂಡ 1,000 ಡಾಲರ್ ಅಥವಾ ಗ್ಯಾಲನ್‌ಗೆ 10 ಡಾಲರ್, ಯಾವುದು ಹೆಚ್ಚೋ ಅದು. ತಂಪು ಯಂತ್ರಕ್ಕೆ ಹಾಕಿದ್ದನ್ನು ಬೇರೆ ಬಿಲ್ ಮಾಡಿಸದೆ ಒಟ್ಟಿಗೇ ಬರೆಸಿದರೆ ಗಾಡಿಯ ಮೈಲೇಜ್ ಸುಳ್ಳುಸುಳ್ಳೇ ಕಡಿಮೆಯಾಗಿ ಕಾಣುತ್ತದೆ.

ಆಡಿಟ್ ಎಲ್ಲರಿಗೂ ಬರುವುದಿಲ್ಲ. ಪ್ರತಿ ರಾಜ್ಯ ತನ್ನಲ್ಲಿ ನೋಂದಾಯಿಸಿದವರಲ್ಲಿ ವರ್ಷಕ್ಕೆ ಸರಾಸರಿ ಶೇ 3ರಷ್ಟು ಖಾತೆಗಳನ್ನು ತಪಾಸಣೆ ಮಾಡಬೇಕೆಂಬ ನಿಯಮವಿದೆ. ಆದರೆ ಬಂದರೆ, ದಾಖಲೆ ಸರಿಯಿಲ್ಲದವನ ಗತಿ ಕಷ್ಟ. ಮೈಲಿ ಮತ್ತು ಇಂಧನದ ಲೆಕ್ಕ ನಂಬಲು ಆಗದಂತಿದ್ದರೆ ಆಡಿಟರ್ ಮೈಲೇಜನ್ನು ಗ್ಯಾಲನ್‌ಗೆ 4 ಮೈಲಿಗೆ ಇಳಿಸಬಹುದು, ಅಥವಾ ತೋರಿಸಿದ್ದರಲ್ಲಿ ಶೇ 20 ಕಡಿತ ಮಾಡಬಹುದು. ನಮ್ಮ ಉದಾಹರಣೆಯ ಮಾಲೀಕನಿಗೆ 4 ಮೈಲಿ ಅನ್ವಯಿಸಿದರೆ ಪ್ರತಿ ರಾಜ್ಯದಲ್ಲಿ ಸುಟ್ಟ ಡೀಸೆಲ್ 2,000 ಗ್ಯಾಲನ್‌ನಿಂದ 3,000ಕ್ಕೆ ಏರುತ್ತದೆ. ಒಹಾಯೊದಿಂದ ಬರಬೇಕಿದ್ದ 470 ಡಾಲರ್ ಮಾಯ. ಪೆನ್ಸಿಲ್ವೇನಿಯಾದ ಬಾಕಿ 1,482 ಡಾಲರ್. ಶೇ 20ರ ಕಡಿತವಾದರೆ ನಿವ್ವಳ 876 ಡಾಲರ್ ಚಿಲ್ಲರೆ. ಕಟ್ಟಬೇಕಿದ್ದದ್ದು 271. ಇದು ಒಂದೇ ಟ್ರಕ್ಕಿನ ಒಂದೇ ತ್ರೈಮಾಸಿಕದ ಮಾತು. ಆಡಿಟ್ ಹಿಂದಿನ ಹಲವು ತ್ರೈಮಾಸಿಕಗಳನ್ನು ಒಟ್ಟಿಗೆ ಕೆದಕುತ್ತದೆ. ಅವನು ಒಂದು ಗ್ಯಾಲನ್ನನ್ನೂ ಕದ್ದಿಲ್ಲ, ಬರೆದಿಟ್ಟಿಲ್ಲ ಅಷ್ಟೆ.

ನೂರಾರು ಟ್ರಕ್ ಇರುವ ಕಂಪನಿಗೆ ಇದೊಂದು ಸಮಸ್ಯೆಯೇ ಅಲ್ಲ. ಅದಕ್ಕೆಂದೇ ಸಿಬ್ಬಂದಿ ಇರುತ್ತಾರೆ. ಇಂಧನ ಕಾರ್ಡಿನ ವಿವರವೂ ಜಿಪಿಎಸ್ ವಿವರವೂ ತಂತ್ರಾಂಶದಲ್ಲಿ ತಾನಾಗಿ ಕೂಡಿಕೊಳ್ಳುತ್ತವೆ. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸುವ ಮಾಲೀಕ ಹಗಲು ಹನ್ನೊಂದು ತಾಸು ಸ್ಟಿಯರಿಂಗ್ ಹಿಡಿದು ರಾತ್ರಿ ಹಿಂದಿನ ಮಲಗುವ ಕಟ್ಟೆಯ ಮೇಲೆ ಬಿಲ್ ಹರಡಿಕೊಂಡು ಕೂರಬೇಕು. ಅಮೆರಿಕದ ಹೆದ್ದಾರಿಗಳಲ್ಲಿ ಇಂಥವರ ಸಂಖ್ಯೆ ದೊಡ್ಡದು, ಅವರಲ್ಲಿ ಪಂಜಾಬಿನಿಂದ ಹೋದವರೂ ಬಹಳ ಮಂದಿ. ಚಾಲನಾ ಅವಧಿಯನ್ನು ದಾಖಲಿಸುವ ಎಲೆಕ್ಟ್ರಾನಿಕ್ ಸಾಧನ 2017ರ ಡಿಸೆಂಬರ್‌ನಿಂದ ಕಡ್ಡಾಯವಾದ ಮೇಲೆ ಇವರ ಕಷ್ಟ ಸ್ವಲ್ಪ ಇಳಿದಿದೆ. ಸಾಧನ ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಎಂದು ತಾನೇ ಗುರುತಿಟ್ಟುಕೊಳ್ಳಬಲ್ಲದು. ಆದರೆ ಸಿಗ್ನಲ್ ತಪ್ಪಿದಾಗ, ಸಾಧನ ಕೆಟ್ಟಾಗ, ಸಾಧನದ ಕಂಪನಿ ಬದಲಿಸಿ ಹಳೆಯ ಖಾತೆ ಮುಚ್ಚಿಹೋದಾಗ ದಾಖಲೆ ಒದಗಿಸುವ ಹೊಣೆ ಪರವಾನಗಿದಾರನದೇ. ತಿಂಗಳಿಗೊಮ್ಮೆ ವಿವರ ಇಳಿಸಿಟ್ಟುಕೊಂಡವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಒಪ್ಪಂದದ ನ್ಯಾಯವೂ ಪರಿಪೂರ್ಣ ಎಂದು ನಾನು ಹೇಳುವುದಿಲ್ಲ. ಲೆಕ್ಕಕ್ಕೆ ಹಿಡಿಯುವುದು ಸರಾಸರಿ ಮೈಲೇಜನ್ನು. ರಾಕಿ ಪರ್ವತದ ಏರು ರಸ್ತೆಯಲ್ಲಿ ಎಂಜಿನ್ ಹೆಚ್ಚು ಕುಡಿಯುತ್ತದೆ, ಕಾನ್ಸಾಸ್‌ನ ಬಯಲಿನಲ್ಲಿ ಕಡಿಮೆ. ರಿಟರ್ನಿನಲ್ಲಿ ಎರಡಕ್ಕೂ ಒಂದೇ ಅಂಕಿ. ಚಳಿಗಾಲದ ರಾತ್ರಿ ಕ್ಯಾಬಿನ್ ಬೆಚ್ಚಗಿಡಲು ಎಂಜಿನ್ ಓಡಿಸುತ್ತಲೇ ಮಲಗಿದರೆ ಸುಟ್ಟ ಡೀಸೆಲ್ಲಿನ ತೆರಿಗೆ ಆ ಮೂರು ತಿಂಗಳಲ್ಲಿ ಸುತ್ತಿದ ಎಲ್ಲ ರಾಜ್ಯಗಳಿಗೂ ಮೈಲಿಗೆ ತಕ್ಕಂತೆ ಹಂಚಿಹೋಗುತ್ತದೆ. ಇಷ್ಟು ಒರಟುತನವನ್ನು ಒಪ್ಪಿಕೊಂಡದ್ದರಿಂದಲೇ ಲೆಕ್ಕ ಒಂದು ಹಾಳೆಯಲ್ಲಿ ಮುಗಿಯುತ್ತದೆ.

ಒಪ್ಪಂದದೊಳಗಿದ್ದೂ ತಮ್ಮದೇ ದಾರಿ ಹಿಡಿದ ಹಠಮಾರಿಗಳೂ ಇದ್ದಾರೆ. ಇಂಧನ ತೆರಿಗೆಯನ್ನು ಮೊದಲು ತಂದ ಆರೆಗನ್ನೇ ಭಾರೀ ಟ್ರಕ್‌ಗಳಿಗೆ ಅದನ್ನು ಬಿಟ್ಟು, ತೂಕ ಮತ್ತು ಮೈಲಿ ನೋಡಿ ನೇರ ತೆರಿಗೆ ಹಾಕುತ್ತದೆ. ಇಫ್ಟಾ ರಿಟರ್ನಿನಲ್ಲಿ ಆರೆಗನ್ನಿನ ಮೈಲಿ ಬರೆಯಬೇಕು, ದರದ ಕಡೆ ಸೊನ್ನೆ. ತೂಕ-ಮೈಲಿ ತೆರಿಗೆಯನ್ನು ಆ ರಾಜ್ಯಕ್ಕೆ ಬೇರೆಯಾಗಿ ಕಟ್ಟಬೇಕು. ನ್ಯೂಯಾರ್ಕ್, ಕೆಂಟಕಿ, ನ್ಯೂ ಮೆಕ್ಸಿಕೊ ರಾಜ್ಯಗಳು ಡೀಸೆಲ್ ತೆರಿಗೆಯ ಜೊತೆಗೆ ಇಂಥದ್ದೊಂದನ್ನೂ ಇಟ್ಟುಕೊಂಡಿವೆ. ಕನೆಕ್ಟಿಕಟ್ 2023ರ ಜನವರಿಯಿಂದ ಅವರ ಸಾಲಿಗೆ ಸೇರಿತು. ವಿದ್ಯುತ್ ಟ್ರಕ್‌ಗಳು ಹೆಚ್ಚಿದ ಹಾಗೆ ಈ ಸಾಲು ಬೆಳೆಯುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಅವುಗಳಿಗೆ ಬಂಕ್‌ನ ಹಂಗಿಲ್ಲ. ಕೇಂದ್ರದ ಡೀಸೆಲ್ ತೆರಿಗೆ ಗ್ಯಾಲನ್‌ಗೆ 24.4 ಸೆಂಟ್ ಬೇರೆಯೇ ಇದೆ. ಅದು 1993ರ ನಂತರ ಏರಿಲ್ಲ, ಇಫ್ಟಾ ಲೆಕ್ಕಕ್ಕೂ ಬರುವುದಿಲ್ಲ.

ಇದನ್ನೆಲ್ಲ ಓದುವಾಗ ನಮ್ಮ ಹೆದ್ದಾರಿಗಳು ನೆನಪಾಗದೆ ಇರವು. 2017ರಲ್ಲಿ ಜಿಎಸ್‌ಟಿ ಬಂದಾಗ ಡೀಸೆಲ್ ಹೊರಗುಳಿಯಿತು. ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಿದ ದಿನದಿಂದ ಸೇರಿಸಿಕೊಳ್ಳಬಹುದು ಎಂದು ಸಂವಿಧಾನ ತಿದ್ದುಪಡಿಯಲ್ಲೇ ಬರೆದಿದೆ, ಆ ದಿನ ಬಂದಿಲ್ಲ. ಹಾಗಾಗಿ ಡೀಸೆಲ್ ಮಾರಾಟ ತೆರಿಗೆ ಬಂಕ್ ಇರುವ ರಾಜ್ಯದ್ದು, ಗಾಡಿ ಎಲ್ಲಿ ಓಡಿದರೂ. ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ಈ ದರ ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್ 1ರಂದು ಶೇ 21.17ಕ್ಕೆ ಏರಿತು. ಬೆಂಗಳೂರಿನಲ್ಲಿ ಲೀಟರ್‌ಗೆ 2 ರೂಪಾಯಿ ಹೆಚ್ಚಿ 91.02 ಆಯಿತು. ಏಪ್ರಿಲ್ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದರು.

ಆಗ ಎರಡೂ ಕಡೆಯಿಂದ ಬಂದ ವಾದಗಳು ಗಡಿಯ ಸುತ್ತಲೇ ಸುತ್ತಿದವು. ಅಕ್ಕಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲಿ ಈಗಲೂ ಅಗ್ಗ ಎಂದಿತು ಸರ್ಕಾರ. ದರ ಏರಿಸಿದರೆ ಹೊರರಾಜ್ಯದ ಗಾಡಿಗಳು ಇಲ್ಲಿ ಟ್ಯಾಂಕ್ ತುಂಬಿಸುವುದನ್ನು ಬಿಡುತ್ತವೆ, ನಷ್ಟ ಬೊಕ್ಕಸಕ್ಕೇ ಎಂಬ ಮಾತು ಇನ್ನೊಂದು ಕಡೆ. ಎರಡು ವಾದಗಳಿಗೂ ಆಧಾರ ಒಂದೇ, ತೆರಿಗೆ ಬಂಕ್‌ಗೆ ಅಂಟಿಕೊಂಡಿದೆ ಎಂಬುದು. ಅತ್ತಿಬೆಲೆ ದಾಟುವ ಮುಂಚೆ ಟ್ಯಾಂಕ್ ತುಂಬಿಸಿಕೊಳ್ಳುವ ಲಾರಿ ಹೊಸೂರಿನಾಚೆ ತಮಿಳುನಾಡಿನ ರಸ್ತೆಯಲ್ಲಿ ಓಡುತ್ತದೆ, ತೆರಿಗೆ ನಮಗೆ. ನಿಪ್ಪಾಣಿ ದಾಟಿ ಮಹಾರಾಷ್ಟ್ರದಿಂದ ಟ್ಯಾಂಕ್ ತುಂಬಿಸಿಕೊಂಡು ಬರುವ ಲಾರಿ ಪುಣೆ–ಬೆಂಗಳೂರು ಹೆದ್ದಾರಿಯ ನಮ್ಮ ಭಾಗವನ್ನು ಸವೆಸುತ್ತದೆ, ತೆರಿಗೆ ಅವರಿಗೆ. ಓಡಿದ ಕಿಲೋಮೀಟರ್ ನೋಡಿ ಹಂಚುವುದಾಗಿದ್ದರೆ ಗಡಿ ಬಂಕ್‌ಗಳಿಗೆ ಗಿರಾಕಿ ಸೆಳೆಯಲು ದರ ಇಳಿಸುವ ಒತ್ತಡವೂ ಇರುತ್ತಿರಲಿಲ್ಲ, ದರ ಏರಿಸಿದಾಗ ಗಿರಾಕಿ ಓಡಿಹೋಗುವ ಭಯವೂ ಇರುತ್ತಿರಲಿಲ್ಲ. ದರದ ಬಗ್ಗೆ ಜಗಳ ಉಳಿಯುತ್ತಿತ್ತು, ಆದರೆ ಅದು ದರ ನ್ಯಾಯವೇ ಅಲ್ಲವೇ ಎಂಬ ಸರಿಯಾದ ಜಗಳವಾಗಿರುತ್ತಿತ್ತು.

ನಮಗೆ ಇದು ತೀರಾ ಹೊಸತೂ ಅಲ್ಲ. ನ್ಯಾಷನಲ್ ಪರ್ಮಿಟ್ ಪಡೆದ ಲಾರಿ ವರ್ಷಕ್ಕೆ 16,500 ರೂಪಾಯಿ ಒಟ್ಟು ಶುಲ್ಕ ಕಟ್ಟುತ್ತದೆ, ಅದು ರಾಜ್ಯಗಳ ನಡುವೆ ಹಂಚಿಕೆಯಾಗುತ್ತದೆ. ಒಂದು ಕಡೆ ಕಟ್ಟಿ ಎಲ್ಲ ಕಡೆ ಓಡುವ ಪದ್ಧತಿ 2010ರಿಂದಲೇ ಇದೆ. ಯಾವ ಗಾಡಿ ಯಾವ ಟೋಲ್ ಯಾವಾಗ ದಾಟಿತು ಎಂಬುದು ಫಾಸ್ಟ್‌ಟ್ಯಾಗ್‌ನಲ್ಲಿ ದಾಖಲಾಗುತ್ತಿದೆ. ಯಾವ ಸರಕು ಎಲ್ಲಿಂದ ಎಲ್ಲಿಗೆ ಎಂಬುದು 2018ರಿಂದ ಇ-ವೇ ಬಿಲ್‌ನಲ್ಲಿದೆ. ಟೋಲ್ ಇಲ್ಲದ ರಸ್ತೆಗಳ ಓಡಾಟಕ್ಕೂ ಖಾಲಿ ಗಾಡಿಗೂ ಇವೆರಡು ಸಾಲವು, ಜಿಪಿಎಸ್ ಬೇಕಾಗುತ್ತದೆ. ನಮ್ಮ ತೆರಿಗೆ ಲೀಟರ್‌ಗೆ ಇಷ್ಟು ಎಂದಿರದೆ ಬೆಲೆಯ ಶೇಕಡಾವಾರು ಆಗಿರುವುದೂ ಲೆಕ್ಕವನ್ನು ಗೋಜಲು ಮಾಡುತ್ತದೆ. ಅಮೆರಿಕದಂತೆ ಲೀಟರ್‌ಗೆ ನಿಗದಿತ ಮೊತ್ತವಾದರೆ ಮಾತ್ರ ಮೂರು ತಿಂಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಮುಗಿಸಬಹುದು.

ಎಲ್ಲಕ್ಕಿಂತ ದೊಡ್ಡ ತೊಡಕು ಒಂದೇ ಗಾಡಿಯ ಮಾಲೀಕ. ನಮ್ಮ ಲಾರಿ ಉದ್ಯಮದ ಬಹುಪಾಲು ಅವನದೇ. ಬ್ಯಾಂಕಿನ ಕಂತು, ವಿಮೆ, ಟೈರು, ಎಫ್‌ಸಿ ಇವುಗಳ ನಡುವೆ ಅವನಿಗೆ ಇನ್ನೊಂದು ತ್ರೈಮಾಸಿಕ ರಿಟರ್ನ್ ಹೊರಿಸುವುದು ಯೋಚಿಸಿ ಮಾಡಬೇಕಾದ ಕೆಲಸ. ಅಮೆರಿಕದಲ್ಲಿ ನಾಲ್ಕು ದಶಕ ಕಳೆದ ಮೇಲೂ ಕಾಗದ ಸರಿಯಿಲ್ಲದ ಸಣ್ಣ ಮಾಲೀಕನೇ 4 ಮೈಲಿಯ ಶಿಕ್ಷೆಗೆ ಮೊದಲು ಸಿಗುವುದು. ಇಲ್ಲಿ ಅಂಥದ್ದನ್ನು ತರುವುದಾದರೆ ಮೈಲಿ ಲೆಕ್ಕವನ್ನು ಸರ್ಕಾರವೇ ತುಂಬಿಸಿ ಮೊಬೈಲಿಗೆ ಕಳಿಸಬೇಕು, ಮಾಲೀಕ ನೋಡಿ ಒಪ್ಪಿದರೆ ಸಾಕು ಎನ್ನುವಂತಿರಬೇಕು. ಆಕ್ಷೇಪಣೆ ಇದ್ದರೆ ತವರು ಜಿಲ್ಲೆಯಲ್ಲೇ ಹೇಳಿಕೊಳ್ಳಲು ಜಾಗವಿರಬೇಕು, ಹೆಚ್ಚು ಕಟ್ಟಿದ್ದು ಅದೇ ತ್ರೈಮಾಸಿಕದಲ್ಲಿ ಬ್ಯಾಂಕ್ ಖಾತೆಗೆ ವಾಪಸ್ ಬರಬೇಕು. ಮೊದಲ ಹೆಜ್ಜೆಗೆ ದೇಶವೆಲ್ಲ ಒಟ್ಟಿಗೆ ಒಪ್ಪುವುದನ್ನು ಕಾಯಬೇಕಾಗಿಲ್ಲ. ಅಲ್ಲಿ ಆರಂಭಿಸಿದ್ದು ಮೂರೇ ರಾಜ್ಯಗಳು. ಇಲ್ಲಿ ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರಗಳ ಸಾರಿಗೆ ಮತ್ತು ವಾಣಿಜ್ಯ ತೆರಿಗೆ ಇಲಾಖೆಗಳು ಬೆಂಗಳೂರು–ಚೆನ್ನೈ, ಬೆಂಗಳೂರು–ಪುಣೆ ಈ ಎರಡು ಹೆದ್ದಾರಿಗಳ ಒಂದು ವರ್ಷದ ಓಡಾಟವನ್ನು ಮುಂದಿಟ್ಟುಕೊಂಡು, ಯಾರ ರಸ್ತೆಯಲ್ಲಿ ಎಷ್ಟು ಓಡಿತು, ಯಾರ ಬಂಕ್‌ನಲ್ಲಿ ಎಷ್ಟು ತುಂಬಿತು ಎಂದು ಲೆಕ್ಕ ಹಾಕಿ ನೋಡಬಹುದು.